ಡಲ್ಸಿ ಪಾರಟ್‌ಳ ಬಿಸಿಲು ಕುರ್ಚಿ

ಡಲ್ಸಿ ಪಾರಟ್ ಉಚ್ಚೆಗೆಂದು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅವಳ ಕುರ್ಚಿ ಮಾಯವಾಗಿತ್ತು.

ಎಪ್ಪತ್ತು ದಾಟಿದ ಹೆಂಗಸು, ಸೊಂಟದೊಳಗೆ ಉಕ್ಕಿನ ಕೀಲು. ಹೋಗಿ ಬರುವುದೆಂದರೆ ಗುಬ್ಬಿ ಹಾರಿ ಬಂದಂತಲ್ಲ. ಮೆಟ್ಟಿಲಿಗೊಂದು ಉಸಿರು, ಹೊಸ್ತಿಲಿಗೊಂದು ಬೈಗುಳ, ಒಳಗೆ ಹೋದ ಮೇಲೆ ಗೋಡೆಯ ಹಿಡಿಕೆ ಹಿಡಿದು ಕೂತೇಳುವ ಸರ್ಕಸ್ಸು. ಅಷ್ಟೆಲ್ಲ ಮುಗಿಸಿ, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಗೇಟಿಗೆ ಬಂದರೆ, ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲುಪಟ್ಟಿಯ ಮೇಲೆ ಬಿಸಿಲಿತ್ತು, ಕುರ್ಚಿಯ ಕಾಲೂರಿದ ಗುಳಿಗಳಿದ್ದವು, ಕುರ್ಚಿ ಇರಲಿಲ್ಲ.

"ಥೂ, ನಿಮ್ಮ ವಂಶ ಹಾಳಾಗ!" ಎಂದು ಇಡೀ ಬೀದಿಗೇ ಕೇಳುವಂತೆ ಬೈದಳು.

ಅದು ದೊಡ್ಡ ಕಸದ ವಾರ. ಡಬ್ಬಿಯಲ್ಲಿ ಹಿಡಿಸದ ಕಸವನ್ನೆಲ್ಲ, ಹರಿದ ಹಾಸಿಗೆ, ಕೆಟ್ಟ ಫ್ರಿಜ್ಜು, ಗಾಲಿ ಕಳಚಿದ ತೊಟ್ಟಿಲು ಎಲ್ಲವನ್ನೂ, ಮನೆ ಮುಂದಿನ ಹುಲ್ಲುಪಟ್ಟಿಗೆ ಎಳೆದು ಹಾಕುವ ವಾರ. ಲಾರಿ ಬರುವ ಮೊದಲು ಬೇಕಾದವರು ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಾರೆ. ಮೆಲ್ಬರ್ನಿನ ಉತ್ತರ ತುದಿಯ ಈ ಬಡಾವಣೆಯಲ್ಲಿ ಅರ್ಧ ಮನೆಗಳು ಉಳಿದರ್ಧ ಮನೆಗಳ ಕಸದಿಂದಲೇ ತುಂಬಿದ್ದವು. ಅದಕ್ಕೊಂದು ಕಾನೂನೂ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಅದನ್ನು ಎಲ್ಲರಿಗಿಂತ ಜೋರಾಗಿ ಸಾರಿಕೊಂಡು ಬಂದವಳು ಡಲ್ಸಿಯೇ: ಪಟ್ಟಿಯ ಮೇಲಿದ್ದದ್ದು ಪಟ್ಟಿಯದ್ದು. ಎಷ್ಟೋ ವರ್ಷದ ಹಿಂದೆ ಮೂಲೆಮನೆಯ ಹೆಂಗಸು ಏದುಸಿರು ಬಿಡುತ್ತ ಓಡಿಬಂದು, "ಅಯ್ಯೋ, ಅದು ಗಾಳಿಗೆ ಹಾಕಿದ ಜಮಖಾನ ಕಣ್ರೀ, ಎಸೆದದ್ದಲ್ಲ" ಎಂದು ಗೋಗರೆದಾಗಲೂ ಡಲ್ಸಿ ಇದೇ ಮಾತು ಹೇಳಿ, ಜಮಖಾನವನ್ನು ಸುತ್ತಿ ಹೆಗಲಿಗೇರಿಸಿದ್ದಳು. ಅದು ಇವತ್ತಿಗೂ ಅವಳ ನಡುಮನೆಯಲ್ಲಿದೆ. ಮೂಲೆಮನೆಯ ಹೆಂಗಸು ಸಾಯುವ ತನಕ ಇವಳ ಮುಖ ನೋಡಲಿಲ್ಲ.

ಹೋದ ಕುರ್ಚಿಯೂ ಒಂದು ಕಾಲಕ್ಕೆ ಪಟ್ಟಿಯಿಂದ ಬಂದದ್ದೇ. ಕಬ್ಬಿಣದ ಕಾಲು, ಪ್ಲಾಸ್ಟಿಕ್ ಹೆಣಿಗೆಯ ಸೀಟು, ಎರಡೂ ಕಡೆ ಮರದ ದಪ್ಪ ಕೈ. ನೋಡಲು ದರಿದ್ರ. ಆದರೆ ಎತ್ತರದ ಕುರ್ಚಿ, ಎತ್ತರದ ಕೈ. ಅಂಗೈ ಊರಿ ಒಂದು ಸಲ ನೂಕಿದರೆ ದೇಹ ತಾನಾಗಿ ಎದ್ದು ನಿಲ್ಲುತ್ತಿತ್ತು. ಸೊಂಟದ ಆಪರೇಷನ್ ಆದ ಮೇಲೆ ಡಲ್ಸಿ ಬೇರೆ ಯಾವ ಕುರ್ಚಿಯಲ್ಲಿ ಕೂತರೂ ಏಳಿಸಲು ಇನ್ನೊಬ್ಬರು ಬೇಕು. ಇನ್ನೊಬ್ಬರು ಆ ಮನೆಯಲ್ಲಿರಲಿಲ್ಲ. ಗಂಡ ಲೆಸ್ ಯಾವುದೋ ಕಾಲದಲ್ಲಿ ಹೋಟೆಲಿನ ಹೆಂಗಸೊಬ್ಬಳ ಜೊತೆ ಬಿಸಿಲು ಹುಡುಕಿಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋದವನು ಅಲ್ಲೇ ಒಣಗಿ ಸತ್ತ. "ನಾನು ಬಿಸಿಲಿಗೆ ಅಷ್ಟು ದೂರ ಹೋಗಲ್ಲಪ್ಪ, ಗೇಟಿನ ತನಕ ಸಾಕು" ಎನ್ನುತ್ತಿದ್ದಳು ಡಲ್ಸಿ.

ಅದೂ ನಿಜವೇ. ಬಿಸಿಲು ಉಳಿದದ್ದು ಗೇಟಿನಾಚೆಗೆ ಮಾತ್ರ. ಇಲ್ಲಿ ಚಳಿ ಶುರುವಾಗುವ ಮೇ ತಿಂಗಳು ಬಂತೆಂದರೆ ಸೂರ್ಯ ಉತ್ತರಕ್ಕೆ ಜಾರಿ ತಗ್ಗಿಬಿಡುತ್ತಾನೆ. ಉತ್ತರದ ಪಕ್ಕದ ಸೈಟಿನಲ್ಲಿದ್ದ ಹಳೆ ಮರದ ಮನೆಯನ್ನು ಕೆಡವಿ ಟೀಗನ್ ಎಂಬ ಹೊಸ ನೆರೆಯವಳು ಎರಡಂತಸ್ತು ಎಬ್ಬಿಸಿದಾಗಲೇ ಡಲ್ಸಿಯ ಅಡುಗೆಮನೆ, ಹಿತ್ತಿಲು, ಬಟ್ಟೆ ಒಣಹಾಕುವ ತಂತಿ ಎಲ್ಲಕ್ಕೂ ಗ್ರಹಣ ಹಿಡಿಯಿತು. ಕಟ್ಟುವ ಮೊದಲೇ ಡಲ್ಸಿ ತಕರಾರು ಹಾಕಿದ್ದಳು. ನಗರಸಭೆಯ ವಿಚಾರಣೆಗೆ ಹೋಗಿ ಕೂತಳು. ಅಲ್ಲಿ ಟೈ ಕಟ್ಟಿದ ಹುಡುಗ ನಕ್ಷೆ ಬಿಡಿಸಿ, ನೆರಳನ್ನು ನಿಯಮದ ಪ್ರಕಾರ ಸೆಪ್ಟೆಂಬರ್ ತಿಂಗಳ ಸೂರ್ಯನ ಲೆಕ್ಕದಲ್ಲಿ ಅಳೆಯುತ್ತಾರೆ, ಆ ಲೆಕ್ಕದಲ್ಲಿ ನಿಮ್ಮ ಹಿತ್ತಿಲಿಗೆ ಸಾಕಷ್ಟು ಬಿಸಿಲಿದೆ ಎಂದು ವಿವರಿಸಿದ.

"ಅಲ್ಲಪ್ಪಾ," ಎಂದಳು ಡಲ್ಸಿ, "ನಾನು ಬರೀ ಸೆಪ್ಟೆಂಬರಲ್ಲಿ ಬದುಕ್ತೀನಾ? ಮೇ ತಿಂಗಳಲ್ಲಿ ಸತ್ತಿರ್ತೀನಾ?"

ಎಲ್ಲರೂ ನಕ್ಕರು. ನಕ್ಕ ಮೇಲೆ ಅನುಮತಿ ಕೊಟ್ಟರು.

ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಒಂದಿಷ್ಟು ಹೊತ್ತು, ಹುಲ್ಲುಪಟ್ಟಿಯ ಮೇಲೆ, ಆ ಕುರ್ಚಿ. ಅಲ್ಲಿ ಕೂತು ಸೊಂಟ ಕಾಯಿಸಿಕೊಂಡರೆ ರಾತ್ರಿ ಮಗ್ಗುಲು ಬದಲಾಯಿಸಬಹುದು. ಇಲ್ಲವೆಂದರೆ ಇಡೀ ರಾತ್ರಿ ಹಲಗೆಯ ಹಾಗೆ ಬಿದ್ದಿರಬೇಕು. ಹೀಗೆ ಕೂರುವುದಕ್ಕೆ ಶುರುವಾದಾಗ ನಾಲ್ಕು ಜನ ಕಾರು ನಿಲ್ಲಿಸಿ "ಹುಷಾರಾಗಿದೀರಾ?" ಎಂದು ಕೇಳಿದ್ದರು. ಆಮೇಲೆ ಅವಳು ಅಂಚೆಡಬ್ಬಿಯಂತೆ ಬೀದಿಯ ಒಂದು ವಸ್ತುವಾದಳು. ಕುರ್ಚಿಯನ್ನು ಬಿಟ್ಟು ಒಳಗೆ ಹೋದರೂ ಯಾರೂ ಮುಟ್ಟುತ್ತಿರಲಿಲ್ಲ.

ಈ ವಾರ ಮುಟ್ಟಿದರು. ಯಾಕೆಂದು ಡಲ್ಸಿಗೆ ಕತ್ತು ತಿರುಗಿಸಿದ ಕೂಡಲೇ ಗೊತ್ತಾಯಿತು. ಟೀಗನ್‌ಳ ಮನೆಯ ಕಸ ಅವಳ ಪಟ್ಟಿಯಲ್ಲಿ ಹಿಡಿಸದೆ ಡಲ್ಸಿಯ ಪಟ್ಟಿಗೆ ಕಾಲು ಚಾಚಿತ್ತು: ಒಂದು ಟ್ರೆಡ್‌ಮಿಲ್, ಟಿವಿ ಇಡುವ ಬೀರು, ಮಗುವಿನ ಎತ್ತರದ ಕುರ್ಚಿ. ಅದರ ಪಕ್ಕದಲ್ಲಿ ಡಲ್ಸಿಯ ಕುರ್ಚಿ ಖಾಲಿಯಾಗಿ ನಿಂತರೆ ಯಾವ ದೇವರಿಗೂ ಅದು ಕಸವೇ.

ಎದುರು ಬದಿಯ ಪಟ್ಟಿಯಲ್ಲಿ ಆಲಿವ್ ಮರದ ಕೆಳಗೆ ಹಾಸಿಗೆಯ ಬಟ್ಟೆ ಹರಡಿ, ಉದ್ದ ಕೋಲಿನಿಂದ ಕೊಂಬೆ ಬಾರಿಸುತ್ತಿದ್ದಳು ಅಸುಂತಾ. ಇಟಲಿಯ ಕಲಾಬ್ರಿಯಾದಿಂದ ಹುಡುಗಿಯಾಗಿ ಬಂದವಳು, ಡಲ್ಸಿಯ ಜೊತೆ ಕಾಲುಚೀಲದ ಗಿರಣಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ದುಡಿದವಳು. ನಗರಸಭೆಯವರು ನೆರಳಿಗೆಂದು ನೆಟ್ಟ ಆಲಿವ್ ಮರಗಳನ್ನೆಲ್ಲ ಅವಳು ತನ್ನ ತೋಟವೆಂದೇ ತಿಳಿದಿದ್ದಳು.

"ಏ ಅಸುಂತಾ! ನನ್ನ ಕುರ್ಚಿ ಯಾರು ತಗೊಂಡ್ರು ನೋಡಿದ್ಯಾ?"

"ನೋಡಿದ್ಯಾ ಏನು, ನಾನೇ ಎತ್ತಿಕೊಟ್ಟೆ."

"ಏನಂದೆ?"

"ಟ್ರೈಲರ್ ಸಿಕ್ಕಿಸ್ಕೊಂಡು ಒಬ್ಬ ಮುದುಕ ಬಂದ. ಒಬ್ನೇ ಎತ್ತಕ್ಕೆ ಒದ್ದಾಡ್ತಿದ್ದ. ಅಯ್ಯೋ ಪಾಪ ಅಂತ ಹೋಗಿ ಒಂದು ಕೈ ಹಿಡಿದೆ." ಅಸುಂತಾ ಕೋಲು ಕೆಳಗಿಟ್ಟಳು. "ಆ ದರಿದ್ರ ಕುರ್ಚೀನ ಕೊನೆಗೂ ಎಸೆದಳಲ್ಲ, ಬುದ್ಧಿ ಬಂತು ಅಂದ್ಕೊಂಡೆ."

"ಎಸೆಯೋಳಾಗಿದ್ರೆ ನಿನ್ನ ಎಸೀತಿದ್ದೆ! ಉಚ್ಚೆ ಹುಯ್ಯಕ್ಕೆ ಹೋಗಿದ್ದೆ ಕಣೇ!"

"ನಂಗೇನು ಗೊತ್ತು? ಬೋರ್ಡು ಹಾಕಿ ಹೋಗ್ಬೇಕಿತ್ತು." ಅಸುಂತಾ ಏಪ್ರನ್ನಿನ ಜೇಬಿನಿಂದ ಎರಡು ಹಣ್ಣು ತೆಗೆದಳು. "ಒಳ್ಳೆ ಮನುಷ್ಯ. ಉಪಕಾರ ಮಾಡಿದ್ದಕ್ಕೆ ಪರ್ಸಿಮನ್ ಕೊಟ್ಟ. ಒಂದು ತಿಂತೀಯಾ?"

ಡಲ್ಸಿ ಬಾಗಿಲು ದಡಾರನೆ ಹಾಕಿಕೊಂಡಳು. ಹಾಕುವಷ್ಟು ಬೇಗ ನಡೆಯಲಾಗದೆ, ಅದಕ್ಕೂ ಒಂದಿಷ್ಟು ಹೊತ್ತು ಹಿಡಿಯಿತು.

ಮರುದಿನ ಕೋಲೂರಿಕೊಂಡು ಒಬ್ಬಳೇ ಹುಡುಕಲು ಹೊರಟಳು. ಬಡಾವಣೆ ತನ್ನ ಹೊಟ್ಟೆಯನ್ನೇ ಬಗಿದು ಹುಲ್ಲುಪಟ್ಟಿಗಳ ಮೇಲೆ ಸುರಿದಂತಿತ್ತು. ಎಲ್ಲರ ಮನೆಯ ಹಾಸಿಗೆಯ ಕಲೆ ಎಲ್ಲರಿಗೂ ಕಾಣುತ್ತಿತ್ತು. ಎಲೆ ಊದುವ ಯಂತ್ರ ಹಿಡಿದವನೊಬ್ಬ ತನ್ನ ಎಲೆಗಳನ್ನು ಪಕ್ಕದ ಮನೆಗೆ ಊದುತ್ತಿದ್ದ. ಪಕ್ಕದವನು ಅದೇ ಎಲೆಗಳನ್ನು ರಸ್ತೆಗೆ ಊದುತ್ತಿದ್ದ. ಗಾಳಿ ಅವನ್ನು ವಾಪಸ್ಸು ತರುತ್ತಿತ್ತು. ಉದುರಿದ ಆಲಿವ್ ತುಳಿದು ಕಾಲುದಾರಿಯೆಲ್ಲ ಕರಿ ಮಸಿ. ಒಂದು ಮನೆಯ ಮುಂದೆ ನಾಲ್ಕು ಚೆಂದದ ಸೋಫಾಗಳಿದ್ದವು. ಡಲ್ಸಿ ಒಂದರಲ್ಲಿ ಕೂತು ನೋಡಿದಳು. ಏಳಲಾಗಲಿಲ್ಲ. ಅಂಚೆಯವಳು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು. "ಮನೆಗೆ ಬಿಟ್ಟು ಬರ್ಲಾ ಡಾರ್ಲಿಂಗ್?" ಎಂದು ಆಕೆ ಕೇಳಿದ್ದು ಡಲ್ಸಿಗೆ ಮೂಳೆಯ ತನಕ ಉರಿಯಿತು. ಆ ರಾತ್ರಿ ಹಲಗೆಯಾಗಿ ಮಲಗಿ, ಮುದುಕರನ್ನು ಒಯ್ದು ಬಿಡುವ ಮನೆಗಳ ಬಗ್ಗೆ ಯೋಚಿಸಿದಳು. ಅಲ್ಲಿಯ ಕುರ್ಚಿಗಳೆಲ್ಲ ಮೆತ್ತಗೆ, ತಗ್ಗಾಗಿರುತ್ತವೆ. ಒಮ್ಮೆ ಕೂರಿಸಿದರೆ ಮುಗಿಯಿತು.

ಶನಿವಾರ ಅಸುಂತಾ ತಾನೇ ಬಂದಳು, ಗಾಲಿಚೀಲ ಎಳೆದುಕೊಂಡು.

"ಸಿಟ್ಟು ಇಳೀತಾ?"

"ಇಲ್ಲ."

"ಸರಿ, ಸಿಟ್ಟಲ್ಲೇ ನಡಿ. ಆ ಮುದುಕ ಕೊಟ್ಟ ಹಣ್ಣಿನ ತುದಿ ಚೂಪಗಿತ್ತು ಕಣೇ. ಆ ಜಾತಿ ಮರ ಈ ಕಡೆ ಎಲ್ಲಾ ಸೇರಿ ಎರಡೇ ಇರೋದು. ಒಂದು ಚರ್ಚಿನ ಹಿಂದೆ. ಇನ್ನೊಂದು ಫುಟ್ಬಾಲ್ ಮೈದಾನದ ಆಚೆ, ಒಬ್ಬ ಮಾಲ್ಟಾದವನ ಮನೇಲಿ. ಪಾದ್ರಿ ನಿನ್ನ ಕುರ್ಚಿ ಕದಿಯಲ್ಲ."

"ಇದನ್ನ ಗುರುವಾರವೇ ಹೇಳಕ್ಕೇನಾಗಿತ್ತು?"

"ಬಾಗಿಲು ಹಾಕ್ಕೊಂಡ್ಯಲ್ಲ."

ಮೈದಾನದಲ್ಲಿ ಆಟ ನಡೆದಿತ್ತು. ಸುತ್ತ ನಿಲ್ಲಿಸಿದ ಕಾರುಗಳಲ್ಲಿ ಕೂತವರು ಗೋಲು ಬಿದ್ದಾಗಲೆಲ್ಲ ಹಾರ್ನ್ ಒತ್ತುತ್ತಿದ್ದರು. ಸುಟ್ಟ ಸಾಸೇಜು, ಈರುಳ್ಳಿಯ ವಾಸನೆ. ಅಂಕದ ಹಲಗೆಯ ಹಿಂದಿನ ಬೀದಿಯಲ್ಲಿ ಎಲೆಯೆಲ್ಲ ಉದುರಿದ ಬೋಳು ಮರವೊಂದಕ್ಕೆ ಯಾರೋ ಟೊಮೆಟೊ ಕಟ್ಟಿದ ಹಾಗೆ ಹಣ್ಣು ತೂಗುತ್ತಿತ್ತು. ಆ ಮನೆಯ ಮುಂದಿನ ಹುಲ್ಲುಪಟ್ಟಿಯಲ್ಲಿ ಹಳೆ ಪೇಪರು ಹರಡಿ, ಅದರ ಮೇಲೆ ಡಲ್ಸಿಯ ಕುರ್ಚಿ ನಿಂತಿತ್ತು. ಮರದ ಕೈಗಳು ಹಸಿರಾಗಿದ್ದವು. ಒಬ್ಬ ಮುದುಕ, ಟ್ರಾಮಿನವರ ಹಳೆ ಟೋಪಿ ಹಾಕಿಕೊಂಡು, ಕುಂಚ ಹಿಡಿದು ಬಗ್ಗಿದ್ದ.

"ಅದು ನನ್ನ ಕುರ್ಚಿ" ಎಂದಳು ಡಲ್ಸಿ.

ಮುದುಕ ನಿಧಾನವಾಗಿ ನೆಟ್ಟಗಾದ. ಹೆಸರು ಚೆನ್ಸು. ಅಸುಂತಾಳನ್ನು ಕಂಡು ಮುಖವರಳಿತು. "ಓ, ನೀವಾ! ಹಣ್ಣು ಹೇಗಿತ್ತು?"

"ಜೇನು" ಎಂದಳು ಅಸುಂತಾ.

"ಹಣ್ಣಿನ ಮಾತು ಆಮೇಲೆ" ಎಂದಳು ಡಲ್ಸಿ. "ನಾನು ಕೂತಿದ್ದ ಕುರ್ಚಿ ಕಣ್ರೀ ಅದು. ಒಂದು ಗಳಿಗೆ ಒಳಗೆ ಹೋಗಿದ್ದೆ. ಎತ್ತುವಾಗ ಸೀಟು ಬಿಸಿ ಇರ್ಲಿಲ್ವಾ?"

"ಇತ್ತು. ಬಿಸಿಲಿಗೆ ಕಾದಿದೆ ಅಂದ್ಕೊಂಡೆ."

"ಬಿಸಿಲಿಗಲ್ಲ, ನನ್ನ ಅಂಡಿಗೆ!"

ಅಸುಂತಾ ಗಾಲಿಚೀಲದ ಮೇಲೆ ಬಗ್ಗಿ ನಗತೊಡಗಿದಳು. ಚೆನ್ಸು ನಗಲಿಲ್ಲ. ಕುಂಚವನ್ನು ಡಬ್ಬಿಯ ಅಂಚಿಗೆ ಸವರಿ, ಮಗುವಿಗೆ ಪಾಠ ಹೇಳುವಂತೆ ಹೇಳಿದ: "ನೋಡಿ ತಾಯೀ, ದೊಡ್ಡ ಕಸದ ವಾರ. ಕಸದ ಪಕ್ಕದಲ್ಲಿತ್ತು. ನಿಮ್ಮ ಗೆಳತೀನೇ ಎತ್ತಿಕೊಟ್ರು. ಪಟ್ಟಿ ಮೇಲಿದ್ದದ್ದು ಪಟ್ಟಿದು. ಇದೇನು ನಾನು ಮಾಡಿದ ಕಾನೂನಾ?"

ಡಲ್ಸಿಗೆ ತನ್ನ ಮಾತೇ ತಿರುಗಿ ಬಂದು ಬಡಿಯಿತು. ಜಮಖಾನದ ಹೆಂಗಸಿಗೂ ಅವತ್ತು ಹೀಗೇ ಆಗಿರಬೇಕು. ಆ ಯೋಚನೆ ಬಂದದ್ದಕ್ಕೆ ಇನ್ನಷ್ಟು ರೇಗಿತು. ಆಗ ಅವಳ ಕಣ್ಣು ಪೇಪರಿನ ಮೇಲೆ, ಪೇಪರಿನ ಕೆಳಗಿನ ಹುಲ್ಲಿನ ಮೇಲೆ ಬಿತ್ತು.

"ಅಂಗಳದಲ್ಲಿ ಸಿಮೆಂಟು ಇದೆಯಲ್ಲ. ಅಲ್ಲಿ ಯಾಕೆ ಬಳೀಲಿಲ್ಲ?"

"ಸಿಮೆಂಟಿಗೆ ಬಣ್ಣ ಬಿದ್ರೆ ನನ್ನ ಹೆಂಡ್ತಿ ಟೆಸ್ಸಿ ನನಗೆ ಬಣ್ಣ ಬಳೀತಾಳೆ."

"ಹಾಗಾದ್ರೆ ಕುರ್ಚಿ ಈಗ ಎಲ್ಲಿದೆ?"

ಚೆನ್ಸುಗೆ ಹೊಳೆಯುವ ಮೊದಲೇ ಅವಳು ಎರಡು ಹೆಜ್ಜೆ ಇಟ್ಟಿದ್ದಳು.

"ಬೇಡ ಬೇಡ, ಬಣ್ಣ ಹಸಿ ಇದೆ!"

ಡಲ್ಸಿ ಕೂತಳು. ಎರಡೂ ಮುಂಗೈಗಳನ್ನು ಹಸಿರಿನ ಮೇಲೆ ಒತ್ತಿ, ಕಾಲು ಚಾಚಿ, ಗದ್ದ ಎತ್ತಿ ಕೂತಳು. "ಪಟ್ಟಿಯ ಮೇಲಿದೆ. ಪಟ್ಟಿಯದ್ದು. ತಗೊಂಡೆ."

ಚೆನ್ಸು ಟೋಪಿ ತೆಗೆದು ತಲೆ ಕೆರೆದುಕೊಂಡ. ಮೂರ್ಖನಲ್ಲ ಅವನು. "ಆಯ್ತು. ಕೂತ್ಕೊಳ್ಳಿ. ಆದ್ರೆ ಹೊತ್ತುಕೊಂಡು ಹೋದಾಗ ತಾನೇ ತಗೊಂಡ ಹಾಗೆ? ಅಲ್ಲೀವರ್ಗೂ ಪಟ್ಟಿದೇ. ನೀವು ಎದ್ದ ಕೂಡ್ಲೇ ನಾನು ಕೂರ್ತೀನಿ." ಕೈ ಕಟ್ಟಿ ಬೇಲಿಗೆ ಒರಗಿದ.

ಕೂರುವುದನ್ನು ಡಲ್ಸಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಚಳಿಯ ಮೇ ತಿಂಗಳಿಡೀ ಕಾಲುಚೀಲದ ಗಿರಣಿಯ ಗೇಟಿನಲ್ಲಿ ಅವಳೂ ಅಸುಂತಾಳೂ ಇನ್ನೂರು ಹೆಂಗಸರೂ ಮುಷ್ಕರ ಹೂಡಿ ಕೂತಿದ್ದರು. ಕೇಳಿದ್ದು ಬಹಳವೇನಲ್ಲ: ಉಚ್ಚೆಗೆ ಹೋಗಲು ಮೇಸ್ತ್ರಿಯ ಮುಂದೆ ಕೈಯೆತ್ತಿ ನಿಲ್ಲಬೇಕಾಗಿತ್ತು, ಅದು ಬೇಡ ಎಂದರು. ಗೆದ್ದರು. ಕೆಲವು ವರ್ಷದ ಮೇಲೆ ಗಿರಣಿಯನ್ನೇ ಮುಚ್ಚಿ ಕಾಲುಚೀಲವನ್ನು ಬೇರೆ ದೇಶದಲ್ಲಿ ಹೆಣೆಸಿದರು, ಅದು ಬೇರೆ ಮಾತು. ಆ ಗೇಟಿನಲ್ಲಿ ಕಲಿತದ್ದು ಇಷ್ಟೇ: ಕೂತವಳು ಏಳಬಾರದು. ಏಳಲೇಬೇಕಾದರೆ ಪಕ್ಕದವಳನ್ನು ಕೂರಿಸಿ ಏಳಬೇಕು.

ಹಾರ್ನುಗಳು ಮೊಳಗಿದವು. ಯಾರೋ ಗೋಲು ಹೊಡೆದರು. ಬಿಸಿಲು ಮರದ ಬುಡಕ್ಕೆ ಸರಿಯಿತು. ಚೆನ್ಸು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಡಲ್ಸಿ ಗೆಲ್ಲುತ್ತಿದ್ದಳು. ಆಗ, ಮನೆಯಿಂದ ಹೊರಡುವಾಗ ಕುಡಿದ ದೊಡ್ಡ ಲೋಟದ ಚಹಾ ತನ್ನ ಕೆಲಸ ಶುರುಮಾಡಿತು.

"ಅಸುಂತಾ" ಎಂದಳು ಮೆಲ್ಲಗೆ.

ಅಸುಂತಾ ಅವಳ ಮುಖ ನೋಡಿದಳು. ಆ ಮುಖವನ್ನು ಗೇಟಿನಲ್ಲಿ ಬೇಕಾದಷ್ಟು ಸಲ ನೋಡಿದ್ದಳು. "ಈಗ್ಲಾ? ನನ್ನ ಲಂಗ ಒಳ್ಳೇದು ಕಣೇ, ಚರ್ಚಿಂದು."

"ಕೂತ್ಕೋ ಅಂದೆ. ಎತ್ತಿಕೊಟ್ಟೋಳು ನೀನೇ ತಾನೇ?"

ಡಲ್ಸಿ ಅಂಗೈ ಊರಿ ನೂಕಿದಳು. ಕುರ್ಚಿ ಅವಳನ್ನು ಎಬ್ಬಿಸಿತು. ಸ್ವೆಟರಿನ ತೋಳು ಚರಚರ ಸದ್ದು ಮಾಡಿ ಬಣ್ಣದಿಂದ ಕಿತ್ತು ಬಂತು. ಅವಳ ಅಂಡು ಎದ್ದ ಜಾಗಕ್ಕೆ ಅಸುಂತಾಳ ಅಂಡು ಜಾರಿತು. ನಡುವೆ ಒಂದು ಕಾಗದ ತೂರಿಸುವಷ್ಟೂ ಜಾಗವಿರಲಿಲ್ಲ. ಹೆಜ್ಜೆ ಮುಂದಿಟ್ಟಿದ್ದ ಚೆನ್ಸು ಹಿಂದೆ ಸರಿದ.

"ನಿಮ್ಮ ಪಾಯಿಖಾನೆ ಎಲ್ಲಿ?" ಎಂದು ಡಲ್ಸಿ ಅವನನ್ನೇ ಕೇಳಿದಳು.

ಬಾಗಿಲಲ್ಲಿ ಟೆಸ್ಸಿ ನಿಂತಿದ್ದಳು, ಕೈಯಲ್ಲಿ ಸೌಟು. ಕಿಟಕಿಯಿಂದ ಎಲ್ಲ ನೋಡಿದ್ದಳೆಂದು ಕಾಣುತ್ತದೆ. "ಬನ್ನಿ, ಎಡಗಡೆ ಎರಡನೇ ಬಾಗಿಲು. ಕುರ್ಚಿ ನೋಡ್ಕೊಂಡು ಬನ್ನಿ, ಎಡವೀರಿ."

ಓಣಿಯಂಥ ನಡುಮನೆಯ ಉದ್ದಕ್ಕೂ ಕುರ್ಚಿಗಳು. ಬೆತ್ತದ್ದು, ಚರ್ಮದ್ದು, ದಂತವೈದ್ಯರ ಅಂಗಡಿಯಿಂದ ಬಂದಂಥದ್ದು.

"ಏಳು ಇವೆ" ಎಂದಳು ಟೆಸ್ಸಿ. "ಕೂರೋರು ಇಬ್ರು. ಇವತ್ತು ಎಂಟನೇದು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ ಅಂತ ಬೆಳಿಗ್ಗೆನೇ ಹೇಳಿದ್ದೆ."

ಡಲ್ಸಿ ಹೊರಗೆ ಬಂದದ್ದು ಹೋದದ್ದಕ್ಕಿಂತ ಬೇಗ. "ಒಳಗೆ ಏಳು ಕುರ್ಚಿ ಇಟ್ಕೊಂಡು ನಂದಕ್ಕೆ ಕೈ ಹಾಕಿದ್ಯಾ? ಏನಯ್ಯಾ, ಅಂಗಡಿ ಹಾಕ್ತೀಯಾ?"

"ಆ ಏಳರಲ್ಲಿ ಯಾವುದ್ರಿಂದ ಏಳಕ್ಕಾಗುತ್ತೆ ಹೇಳಿ!" ಚೆನ್ಸುವಿನ ದನಿಯೂ ಏರಿತು. "ಮೂವತ್ತು ವರ್ಷ ಟ್ರಾಮಿನ ಬ್ರೇಕು ಒತ್ತಿದ ಮಂಡಿ. ಎಲ್ಲಾ ತಗ್ಗು. ಕೂರಕ್ಕೆ ಕೂರಬಹುದು. ಆಮೇಲೆ ಇವಳನ್ನ ಕರೀಬೇಕು. ಇವಳು ಒಲೆ ಆರಿಸಿ ಬರೋ ಹೊತ್ತಿಗೆ ಆಟ ಮುಗಿದಿರುತ್ತೆ. ನಿಮ್ಮದು ಎತ್ತರ ಇತ್ತು. ಕೂತೆ, ಎದ್ದೆ. ಒಬ್ನೇ ಎದ್ದೆ!"

ಡಲ್ಸಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾಕೆಂದರೆ ಆ ಮಾತು ಅಕ್ಷರಶಃ ಅವಳದ್ದೇ. ಸುಳ್ಳ ಎನ್ನೋಣವೆಂದರೆ ಸುಳ್ಳಲ್ಲ, ಕಳ್ಳ ಎನ್ನೋಣವೆಂದರೆ ಕಾನೂನು ತನ್ನದು.

"ಎತ್ತರ ಬೇಕಂದ್ರೆ ಎತ್ತರ ಮಾಡ್ಕೋಬೇಕಪ್ಪ!" ಎಂದು ಅರಚಿದಳು. "ಆ ಬೆತ್ತದ್ದಕ್ಕೆ ಕಾಲಿನ ಕೆಳಗೆ ನಾಲ್ಕು ಮರದ ತುಂಡು ಹೊಡಿ. ಕೈ ಗಟ್ಟಿ ಇದೆ, ನೋಡಿ ಬಂದೆ. ಕುಂಚ ಹಿಡಿಯಕ್ಕೆ ಬರುತ್ತೆ, ಸುತ್ತಿಗೆ ಹಿಡಿಯಕ್ಕೆ ಬರಲ್ವಾ?"

"ನಾನು ಹತ್ತು ವರ್ಷದಿಂದ ಇದೇ ಹೇಳ್ತಿದೀನಿ" ಎಂದಳು ಟೆಸ್ಸಿ ಬಾಗಿಲಿನಿಂದ. "ಚೆನ್ಸು, ಟ್ರೈಲರ್ ಸಿಕ್ಕಿಸು. ಕುರ್ಚಿ ಬಿಟ್ಟು ಬಾ. ಇಲ್ದಿದ್ರೆ ರಾತ್ರಿ ಊಟಕ್ಕೆ ಅದನ್ನೇ ತಿನ್ನು."

ಚೆನ್ಸು ಟ್ರೈಲರ್ ಸಿಕ್ಕಿಸಿದ. ಕುರ್ಚಿ ಟ್ರೈಲರಿನಲ್ಲಿ, ಹೆಂಗಸರಿಬ್ಬರೂ ಕಾರಿನಲ್ಲಿ. ಡಲ್ಸಿ ಇಳಿಯುವಾಗ ಚೆನ್ಸು, "ಬಣ್ಣ ಇನ್ನೊಂದು ಸಲ ಬಳೀಬೇಕು. ನಿಮ್ಮ ಕೈ ಅಚ್ಚೊತ್ತಿದೆ" ಎಂದ.

"ಇರ್ಲಿ. ಯಾರದು ಅಂತ ಗೊತ್ತಾಗುತ್ತೆ" ಎಂದಳು ಡಲ್ಸಿ.

ಭಾನುವಾರ ಊಟವಾದ ಮೇಲೆ ಅವಳು ತನ್ನ ಜಾಗದಲ್ಲಿ ಕೂತಿದ್ದಳು, ಹಸಿರು ಪಟ್ಟೆಯ ಸ್ವೆಟರಿನಲ್ಲಿ. ಸೊಂಟ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಟೀಗನ್ ಹೊರಗೆ ಬಂದು, "ಅಯ್ಯೋ ಡಲ್ಸಿ, ಕುರ್ಚಿಗೆ ಬಣ್ಣ! ಎಷ್ಟು ಮುದ್ದಾಗಿದೆ!" ಎಂದಳು.

"ಮುದ್ದು ಹಾಗಿರ್ಲಿ. ನಿಮ್ಮ ಕಸಾನ ನಿಮ್ಮ ಕಡೆ ಎಳ್ಕೊಳ್ಳಿ."

"ನಾಳೆ ಲಾರಿ ಬರುತ್ತಲ್ಲ?"

"ನಾಳೆ ಬರುತ್ತೆ. ನನಗೆ ಉಚ್ಚೆ ಇವತ್ತು ಬರುತ್ತೆ!"

ಟೀಗನ್ ಏನೂ ಅರ್ಥವಾಗದೆ ನಕ್ಕು ಒಳಗೆ ಹೋದಳು. ಉಚ್ಚೆ ಹೇಳಿದ ಹಾಗೇ ಬಂತು. ಡಲ್ಸಿ ರಸ್ತೆಯಾಚೆಗೆ ಕೂಗಿದಳು. ಅಸುಂತಾ ಗೊಣಗುತ್ತ ಕೋಲು ಬಿಟ್ಟು ಬಂದು, ಪದ್ಧತಿಯ ಪ್ರಕಾರ ಕೂತಳು. ಡಲ್ಸಿ ಮೆಟ್ಟಿಲಿಗೊಂದು ಉಸಿರು, ಹೊಸ್ತಿಲಿಗೊಂದು ಬೈಗುಳ ಕೊಟ್ಟು, ಹೋಗಿ, ಬಂದಳು. ಕುರ್ಚಿ ಇತ್ತು. ಅಸುಂತಾ ಕಣ್ಣು ಮುಚ್ಚಿ, ಬೂಟು ಕಳಚಿ, ಮುಖವನ್ನು ಬಿಸಿಲಿಗೊಡ್ಡಿದ್ದಳು.

"ಏಳು."

"ಇಲ್ಲಿ ಭಾಳ ಚೆನ್ನಾಗಿದೆ ಕಣೇ. ಇಷ್ಟು ವರ್ಷ ಒಬ್ಳೇ ತಿಂದ್ಯಲ್ಲ, ಒಂದು ಸಲನಾದ್ರೂ ಹೇಳಿದ್ಯಾ?"

"ಏಳೇ ಮುದುಕಿ! ಬಿಸಿಲು ಹೋಗ್ತಿದೆ."

"ಪಟ್ಟಿಯ ಮೇಲಿದ್ದದ್ದು..."

"ಆ ಮಾತು ಆಡಿದ್ರೆ ನಿನ್ನ ಆಲಿವ್ ಎಲ್ಲಾ ಮೋರಿಗೆ ಸುರೀತೀನಿ."

"ಸುರಿ. ಬಗ್ಗಕ್ಕಾದ್ರೆ ತಾನೇ?" ಎಂದಳು ಅಸುಂತಾ, ಕಣ್ಣು ಬಿಡದೆ.

ಬಗ್ಗಲಾಗುತ್ತಿರಲಿಲ್ಲ. ಡಲ್ಸಿ ಬೇರೆ ದಾರಿ ಕಾಣದೆ, ತನ್ನ ಪಟ್ಟಿಗೆ ಕಾಲು ಚಾಚಿದ್ದ ಟೀಗನ್‌ಳ ಟ್ರೆಡ್‌ಮಿಲ್ಲಿನ ಮೇಲೆ ಹತ್ತಿ, ಅದರ ಹಿಡಿಕೆಗಳಿಗೆ ಎರಡೂ ಮುಂಗೈ ಆನಿಸಿ ನಿಂತಳು. ಬಿಸಿಲು ನೇರ ಸೊಂಟಕ್ಕೆ ಬೀಳುತ್ತಿತ್ತು. ಹಿಡಿಕೆಯ ಎತ್ತರ ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.